ಇಲಿಯಲ್ಲಿರುವುದು ಕೈಮಾದಲ್ಲಿಲ್ಲ

ಭಾನುವಾರ ನಸುಕಿನಲ್ಲಿ ಹೊಸಕೋಟೆಯ ದಮ್ ಬಿರಿಯಾನಿ ಹಂಡೆಗಳ ಮುಚ್ಚಳ ತೆಗೆಯುವ ಹೊತ್ತಿಗೆ ಮಟನ್ ಅಂಗಡಿಗಳ ಮುಂದೆ ಬೆಕ್ಕುಗಳು ಬಂದು ಕೂತಿರುತ್ತವೆ. ಕೊರಡಿನಿಂದ ಜಾರಿದ ಬೋಟಿಯ ಚೂರನ್ನು ಅವು ಕಚ್ಚಿಕೊಂಡು ಓಡುವುದನ್ನು ಕಂಡವರಿಗೆ, ಮನೆಯ ಬೆಕ್ಕಿಗೂ ಹಸಿ ಮಾಂಸವನ್ನೇ ಹಾಕಿದರಾಯಿತಲ್ಲ ಅನಿಸುವುದು ಸಹಜ. ಆ ಯೋಚನೆ ಅರ್ಧ ಸರಿ. ಬೆಕ್ಕು ಅಪ್ಪಟ ಮಾಂಸಾಹಾರಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲಾರದು. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳಲೂ ಆಗದು. ಟಾರಿನ್ ಕೊರತೆಯಾದರೆ ಬೆಕ್ಕಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲಿ, ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

ತಪ್ಪುವುದು ಉಳಿದರ್ಧದಲ್ಲಿ. ಬೆಕ್ಕಿನ ಸಹಜ ಆಹಾರ ಮಾಂಸವಲ್ಲ, ಇಲಿ. ಬೆಕ್ಕು ಇಲಿಯನ್ನು ತಲೆಯಿಂದ ಶುರುಮಾಡಿ ಕಟಕಟನೆ ಅಗಿಯುವಾಗ ಮೂಳೆಯ ಕ್ಯಾಲ್ಸಿಯಂ, ಗುಂಡಿಗೆಯ ಟಾರಿನ್, ಲಿವರ್‌ನ ವಿಟಮಿನ್ ಎ ಒಟ್ಟಿಗೇ ಹೊಟ್ಟೆ ಸೇರುತ್ತವೆ. ಮೂಳೆಯಿಲ್ಲದ ಕೈಮಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ 15-20 ಪಟ್ಟು ಹೆಚ್ಚು. ಬೆಕ್ಕಿಗೆ ಬೇಕಾದದ್ದು ಹೆಚ್ಚುಕಡಿಮೆ ಸಮಸಮ. ಬರೀ ಕೈಮಾ ತಿಂದು ಬೆಳೆವ ಮರಿ ಕ್ಯಾಲ್ಸಿಯಂಗಾಗಿ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ, ಮಂಚದಿಂದ ಹಾರಿದರೂ ಕಾಲು ಮುರಿಯುತ್ತದೆ. ಅಗ್ಗವೆಂದು ದಿನವೂ ಲಿವರ್ ಹಾಕಿದರೆ ವಿಟಮಿನ್ ಎ ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ.

ನಮ್ಮಜ್ಜಿಯ ಕಾಲದಲ್ಲಿ ಬೆಕ್ಕು ಹಾಲನ್ನ ತಿಂದೇ ಗಟ್ಟಿಯಾಗಿತ್ತಲ್ಲ ಎನ್ನುವವರಿದ್ದಾರೆ. ಅದು ಹಾಲನ್ನವನ್ನಷ್ಟೇ ತಿನ್ನುತ್ತಿರಲಿಲ್ಲ. ರಾಗಿ ಕಣಜದ ಸುತ್ತ ಇಲಿಗಳಿದ್ದವು. ಮೂರನೇ ಮಹಡಿಯ ಫ್ಲ್ಯಾಟಿನ ಬೆಕ್ಕಿಗೆ ಬಟ್ಟಲಿನಲ್ಲಿ ಹಾಕಿದ್ದೇ ಗತಿ. ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬ ಮಾತಿಗೆ ಬಲವಿದೆ, ಆದರೆ ಟಾರಿನ್ ಬಹುಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನೂ ಬಟ್ಟಲಿಗೆ ಸುರಿದರೆ ನಷ್ಟ ಕಡಿಮೆ. ಇನ್ನು, ಕಾಡಿನ ಬೆಕ್ಕು ಹಸಿಯದನ್ನೇ ತಿನ್ನುತ್ತದಲ್ಲ? ಹೌದು, ಆದರೆ ಕೊಂದ ಕೂಡಲೇ ತಿನ್ನುತ್ತದೆ. ಅಂಗಡಿಯ ಕೋಳಿ ಒಂದೇ ಕೊರಡಿನ ಮೇಲೆ ನೂರು ಕೋಳಿಗಳ ಜೊತೆ ತುಂಡಾಗಿ, ಗಂಟೆಗಟ್ಟಲೆ ಬಿಸಿಲಿನಲ್ಲಿ ನೇತಾಡಿ ಬಂದದ್ದು. ಫ್ರೀಜರಿನಲ್ಲಿಟ್ಟರೂ ಅದರಲ್ಲಿ ಸೇರಿಕೊಂಡ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯದು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲೇ ಹಕ್ಕಿಜ್ವರದ ವೈರಸ್ ಸಿಕ್ಕಿತು; ಅದೇ ವರ್ಷ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಕೋಳಿಗಳಲ್ಲೂ ಕಾಣಿಸಿಕೊಂಡಿತು. ಬಸುರಿ, ಕೂಸು, ವಯಸ್ಸಾದವರು ಇರುವ ಮನೆಯಲ್ಲಿ ಬೆಕ್ಕಿನ ಬಟ್ಟಲು, ಮಲದ ತಟ್ಟೆಯಿಂದ ಮನುಷ್ಯರಿಗೂ ಸೋಂಕು ತಗಲಬಹುದು.

ಹಾಗಾಗಿ ಹಸಿಯೋ ಬೆಂದದ್ದೋ ಎಂಬುದಕ್ಕಿಂತ, ಬಟ್ಟಲಿನಲ್ಲಿ ಇಡೀ ಇಲಿಯ ಸತ್ವ ಇದೆಯೇ ಎಂಬುದೇ ಮೊದಲ ಪ್ರಶ್ನೆ. ನಮ್ಮ ಅಂಗಡಿಗಳ ಮಾಂಸವನ್ನು ಬೇಯಿಸಿ ಹಾಕುವುದೇ ಲೇಸೆಂದು ನನ್ನ ಖಚಿತ ಅಭಿಪ್ರಾಯ. ಅರ್ಧ ಕೆಜಿ ಮಾಂಸದಲ್ಲಿ ಗುಂಡಿಗೆ ಒಂದಿಷ್ಟು ಸೇರಿರಲಿ, ಲಿವರ್ 25 ಗ್ರಾಂ ದಾಟದಿರಲಿ. ಮೊಟ್ಟೆಯ ಚಿಪ್ಪನ್ನು ತೊಳೆದು, ಹುರಿದು, ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿ ಅರ್ಧ ಟೀ ಚಮಚ ಬೆರೆಸಿದರೆ ಕ್ಯಾಲ್ಸಿಯಂ ಸರಿದೂಗುತ್ತದೆ. ಆಗಲೂ ವಿಟಮಿನ್ ಇ, ಅಯೋಡಿನ್‌ನಂಥವು ಕಡಿಮೆ ಬೀಳುವುದರಿಂದ ಪಶುವೈದ್ಯರನ್ನು ಕೇಳಿ ಪೂರಕ ಪುಡಿ ಸೇರಿಸಲೇಬೇಕು. ಬಿರಿಯಾನಿ ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ಹಾಕಬೇಡಿ: ಬೆಂದ ಮೂಳೆ ಸೀಳಿ ಸೂಜಿಯಂತೆ ಚುಚ್ಚುತ್ತದೆ, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.