ಆರೋಹಣ, ಅವರೋಹಣ

ಸಂಗೀತದಲ್ಲಿ ಆರೋಹಣವೊಂದನ್ನೇ ಹಾಡಿ ನಿಲ್ಲಿಸಿದವನಿಗೆ ರಾಗ ತಿಳಿದಿದೆಯೆಂದು ಯಾರೂ ಒಪ್ಪುವುದಿಲ್ಲ. ಅವರೋಹಣವೂ ಸೇರಿದಾಗಲೇ ರಾಗಕ್ಕೆ ರೂಪ. ಬೆಟ್ಟದ ವಿಷಯದಲ್ಲಿ ಮಾತ್ರ ನಮ್ಮ ಭಾಷೆ ಇಷ್ಟು ಎಚ್ಚರ ವಹಿಸಿಲ್ಲ. ಪರ್ವತಾರೋಹಣವೆಂಬ ಶಬ್ದ ಪತ್ರಿಕೆಗಳಲ್ಲಿ ಸಲೀಸಾಗಿ ನಡೆಯುತ್ತದೆ. ಪರ್ವತಾವರೋಹಣವೆಂದು ಬರೆದವರನ್ನು ನಾನಂತೂ ಕಂಡಿಲ್ಲ. ಇಳಿಯುವುದು ತಾನಾಗಿ ನಡೆದುಹೋಗುವ ಕೆಲಸವೆಂದು ನಾವು ಭಾವಿಸಿರುವಂತಿದೆ. ಮೂರು ತಿಂಗಳಿನಿಂದ ಒಂದು ಶಿಖರಯಾತ್ರೆಯ ಸಿದ್ಧತೆಯಲ್ಲಿ ತೊಡಗಿರುವ ನನ್ನ ಮೇಜಿನ ಮೇಲಿನ ಕಾಗದಗಳನ್ನು ನೋಡಿದರೆ, ಅವುಗಳಲ್ಲಿ ಬಹುಭಾಗ ಇಳಿಯುವುದಕ್ಕೇ ಸಂಬಂಧಿಸಿದವು.

ನಾವು ಹೊರಡಲಿರುವುದು ಲಡಾಖಿನ ಕಾಂಗ್ ಯಾತ್ಸೆಗೆ. ಅದು ಜೋಡಿ ಶಿಖರ. ಹಿರಿಯದು ಸುಮಾರು ೬೪೦೦ ಮೀಟರು ಎತ್ತರವಿದ್ದು, ಪಳಗಿದ ಆರೋಹಿಗಳಿಗೇ ಮೀಸಲು. ಕಿರಿಯದು ೬೨೫೦ ಮೀಟರು, ಹಳೆಯ ಲೆಕ್ಕದಲ್ಲಿ ೨೦,೫೦೦ ಅಡಿ. ಇದಕ್ಕೆ ಕಡಿದಾದ ಬಂಡೆ ಹತ್ತುವ ವಿದ್ಯೆ ಬೇಡ. ಆದರೆ ಬೂಟಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿ, ಒಂದೇ ಹಗ್ಗಕ್ಕೆ ಎಲ್ಲರೂ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಗಂಟೆಗಟ್ಟಲೆ ನಡೆಯಬೇಕು. ನಮ್ಮ ನಾಡಿನ ಅತ್ಯುನ್ನತ ಗಿರಿಯಾದ ಮುಳ್ಳಯ್ಯನಗಿರಿಯ ಎತ್ತರ ೧೯೩೦ ಮೀಟರು. ಅಂತಹ ಮೂರನ್ನು ಒಂದರ ಮೇಲೊಂದು ಪೇರಿಸಿದರೂ ಕಾಂಗ್ ಯಾತ್ಸೆಯ ನೆತ್ತಿ ನಿಲುಕದು. ನಾವು ನಾಲ್ವರು: ನಲವತ್ತೇಳರ ನಾನು, ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರು, ಅವರ ಮೈದುನ, ಮತ್ತು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಜೊತೆಗೆ ಇಬ್ಬರು ಲಡಾಖಿ ಮಾರ್ಗದರ್ಶಕರು.

ಎತ್ತರದಲ್ಲಿ ಪ್ರಾಣವಾಯು ಕಡಮೆಯೆಂದು ನಾವೆಲ್ಲ ಹೇಳುತ್ತೇವೆ. ಭೌತಶಾಸ್ತ್ರದ ಮಿತ್ರರು ಈ ಮಾತನ್ನು ಒಪ್ಪುವುದಿಲ್ಲ. ಗಾಳಿಯಲ್ಲಿ ಅದರ ಪಾಲು ಸಮುದ್ರತೀರದಲ್ಲಿಯೂ ಶಿಖರದಲ್ಲಿಯೂ ನೂರಕ್ಕೆ ಇಪ್ಪತ್ತೊಂದೇ, ಕುಗ್ಗುವುದು ವಾಯುಭಾರ. ಲೇಹ್ ಪಟ್ಟಣ ೩೫೦೦ ಮೀಟರಿನಲ್ಲಿದೆ; ಅಲ್ಲಿ ವಾಯುಭಾರ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ೫೫೦೦ ಮೀಟರಿನಲ್ಲಿ ಅರ್ಧ. ಅದರಾಚೆ ಅರ್ಧಕ್ಕಿಂತಲೂ ಕಡಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ತನ್ನದೇ ನಿಧಾನದಲ್ಲಿ. ಅವಸರಪಡಿಸಿದರೆ ಮೊದಲು ತಲೆನೋವು, ವಾಕರಿಕೆ. ಮಿತಿ ಮೀರಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಮಾತ್ರೆಗಳುಂಟು, ನಿಜ. ನಂಬತಕ್ಕ ಮದ್ದು ಮಾತ್ರ ಕೆಳಗೆ ಇಳಿಯುವುದೇ.

ಮೂರು ಸಾವಿರ ಮೀಟರು ದಾಟಿದ ಮೇಲೆ ಮಲಗುವ ಠಾವಿನ ಎತ್ತರವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂಬುದು ವೈದ್ಯರ ವಿಧಿ. ವಿಮಾನದಲ್ಲಿ ಲೇಹ್‌ಗೆ ಹೋಗಿಳಿಯುವವನು ಮೊದಲ ದಿನವೇ ಈ ವಿಧಿಯನ್ನು ಮುರಿದಿರುತ್ತಾನೆ. ಆದುದರಿಂದ ಅಲ್ಲಿ ಮೂರು ರಾತ್ರಿ ಏನೂ ಮಾಡದೆ ಇರುವುದೆಂದು ಗೊತ್ತುಮಾಡಿದೆವು. ಏನೂ ಮಾಡದಿರುವುದಕ್ಕೆ ಇಷ್ಟು ಹಣವೇ ಎಂದು ಮೈದುನರು ಗೊಣಗಿದರು. ಬಳಿಕ ಮಾರ್ಖಾ ಕಣಿವೆಯ ದಾರಿ: ಸ್ಕಿಯು, ಮಾರ್ಖಾ, ಹಂಕರ್, ಥಾಚುಂಗ್‌ತ್ಸೆ, ಆಮೇಲೆ ನಿಮಾಲಿಂಗ್. ಈ ಕೊನೆಯದು ಸುಮಾರು ೪೮೦೦ ಮೀಟರಿನಲ್ಲಿರುವ ಹುಲ್ಲುಬಯಲು. ಕಣಿವೆಯ ಜನ ಬೇಸಗೆಯಲ್ಲಿ ಕುರಿಗಳನ್ನು ಮೇಯಿಸಲು ಬರುವ ಎಡೆ. ಅಲ್ಲಿಗೆ ಏರುವ ದಿನ ೫೦೦ರ ಗೆರೆಯನ್ನು ತುಸು ದಾಟಬೇಕಾಗುತ್ತದೆ. ಪ್ರಾಯಶ್ಚಿತ್ತವಾಗಿ ಮರುದಿನ ಅಲ್ಲಿಯೇ ತಂಗುವುದು. ಕಟ್ಟಕಡೆಯ ಬಿಡಾರ ಸುಮಾರು ೫೧೦೦ ಮೀಟರಿನಲ್ಲಿ. ಹವೆ ಕೆಟ್ಟರೆಂದು ಕೈಯಲ್ಲಿ ಎರಡು ದಿನ ಉಳಿಸಿಕೊಂಡಿದ್ದೇವೆ. ಹೇಸರಗತ್ತೆ, ಸೀಮೆಎಣ್ಣೆ, ಅವಲಕ್ಕಿ, ಅನುಮತಿಪತ್ರ ಇವುಗಳ ಪಟ್ಟಿಯಿಂದ ಓದುಗರನ್ನು ದಣಿಸುವುದಿಲ್ಲ.

ನಮ್ಮ ಚರ್ಚೆಯೆಲ್ಲ ಬಂದು ನಿಂತದ್ದು ಶಿಖರದ ರಾತ್ರಿಯ ಲೆಕ್ಕದಲ್ಲಿ. ಬಿಡಾರದಿಂದ ನೆತ್ತಿಗೆ ೧೧೫೦ ಮೀಟರಿನ ಏರು. ಆ ಎತ್ತರದಲ್ಲಿ ನಮ್ಮಂಥವರು ಗಂಟೆಗೆ ೧೫೦ ಮೀಟರು ಏರಿದರೆ ಹೆಚ್ಚು. ಎಂಟು ಗಂಟೆಯಾದರೂ ಬೇಕು; ದಣಿವಾರಿಸಿಕೊಳ್ಳಲು ಇನ್ನೊಂದು. ರಾತ್ರಿಯ ಚಳಿಗೆ ಗಟ್ಟಿಯಾಗಿರುವ ಹಿಮ ಬಿಸಿಲೇರಿದಂತೆ ಮೆದುವಾಗಿ, ಹೆಜ್ಜೆ ಮೊಣಕಾಲಿನವರೆಗೆ ಹುಗಿಯುತ್ತದೆ. ಮಧ್ಯಾಹ್ನಕ್ಕೆ ಗಾಳಿ ಮೋಡಗಳ ಭಯ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಹೊರಡುವುದು. ಬೆಳಗಿನ ಒಂಬತ್ತಕ್ಕೆ ಎಲ್ಲಿದ್ದೇವೋ ಅಲ್ಲಿಂದಲೇ ಮರಳುವುದು. ಇದನ್ನು ಕಾಗದದ ಮೇಲೆ ಬರೆದೆ.

"ಶಿಖರ ನೂರಡಿ ದೂರ ಇದ್ದರೂ ತಿರುಗಬೇಕೇ, ಸಾರ್?" ಎಂದ ವಿದ್ಯಾರ್ಥಿ.

ನಾನು ಅವನಿಗೆ ೧೯೫೩ರ ಎವರೆಸ್ಟಿನ ಕಥೆಯನ್ನು ಹೇಳಿದೆ. ತೇನ್‌ಸಿಂಗ್ ಮತ್ತು ಹಿಲರಿಯವರ ಹೆಸರು ಎಲ್ಲರಿಗೂ ಗೊತ್ತು. ಅವರಿಗಿಂತ ಮೂರು ದಿನ ಮೊದಲು, ಮೇ ೨೬ರಂದು, ಅದೇ ತಂಡದ ಬೋರ್ಡಿಲನ್ ಮತ್ತು ಇವಾನ್ಸ್ ಎಂಬಿಬ್ಬರು ದಕ್ಷಿಣ ಶಿಖರವನ್ನು ಮುಟ್ಟಿದ್ದರು. ಕಣ್ಣೆದುರಿಗೆ ಎವರೆಸ್ಟಿನ ತುದಿ. ನಡುವೆ ಉಳಿದದ್ದು ಸುಮಾರು ನೂರು ಮೀಟರಿನ ಏರು. ಹೊತ್ತು ಮಧ್ಯಾಹ್ನ ಒಂದು ಗಂಟೆ. ಇವಾನ್ಸರ ಪ್ರಾಣವಾಯುವಿನ ಉಪಕರಣ ತೊಂದರೆ ಕೊಟ್ಟಿತ್ತು. ಉಳಿದ ವಾಯು, ಉಳಿದ ಹಗಲು ಎರಡನ್ನೂ ಎಣಿಸಿ ನೋಡಿ, ಅವರು ಬೆನ್ನು ತಿರುಗಿಸಿದರು. ಜಗತ್ತಿನ ಮೊದಲಿಗರೆಂಬ ಪಟ್ಟವನ್ನು ಕೈಯಳತೆಯಲ್ಲಿ ಬಿಟ್ಟು ಇಳಿದವರು ಬಳಲಿ ಬೆಂಡಾಗಿ, ಆದರೆ ಜೀವಂತರಾಗಿ ಬಿಡಾರ ಸೇರಿದರು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಒಪ್ಪಿದನೋ, ಮನಸ್ಸಿನಲ್ಲಿ ಆ ನೂರು ಮೀಟರನ್ನು ಏರುತ್ತಿದ್ದನೋ!

ಮರುವಾರ ಅವನ ತಾಯಿ ನಮ್ಮ ಮನೆಗೆ ಬಂದರು. ಕಾಫಿ ಮುಟ್ಟದೆ ಹೇಳಿದರು: "ಮೇಷ್ಟ್ರೆ, ನನ್ನ ಮಾತಿಗೆ ಹೂಂ ಅಂತಾನೆ, ಮಾಡೋದು ತನ್ನಿಷ್ಟ. ನಿಮ್ಮ ಮಾತಾದರೆ ಕೇಳ್ತಾನೆ. ಸಾಕು, ಇಳಿ ಅಂದರೆ ಇಳೀತಾನೆ ತಾನೆ?"

ಅವರ ಅಂಜಿಕೆ ಬರಿಯ ತಾಯಿಗರುಳಿನದಲ್ಲ. ೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ, ಬಹುಪಾಲು ಕನ್ನಡಿಗರೇ ಇದ್ದ ೨೨ ಜನರ ತಂಡದಲ್ಲಿ ಒಂಬತ್ತು ಮಂದಿ ಹಿಂದಿರುಗಲಿಲ್ಲ. ೧೩ ಮಂದಿಯನ್ನು ರಕ್ಷಿಸಿ ತಂದರು. ಸರೋವರವನ್ನು ಕಂಡು ಬಿಡಾರಕ್ಕೆ ಮರಳುವಾಗ ಹಿಮಗಾಳಿ ಅವರನ್ನು ಸುತ್ತಿಕೊಂಡಿತ್ತು. ಆ ತಂಡದಲ್ಲಿ ನನ್ನ ವಯಸ್ಸಿನವರೂ ನನಗಿಂತ ಹಿರಿಯರೂ ಇದ್ದರು. ಆ ದಿನಗಳ ಪತ್ರಿಕೆಯನ್ನು ಈ ತಾಯಿ ಮಡಿಸಿ ಇಟ್ಟುಕೊಂಡಿದ್ದಾರೆ.

"ಹೂಂ" ಎಂದು ಹೇಳಿ ಅವರನ್ನು ಕಳುಹಿಸುವುದು ಸುಲಭವಿತ್ತು. ನಾನು ಹೇಳಲಿಲ್ಲ. ತರಗತಿಯಲ್ಲಿ ನಡೆಯುವ ಮೇಷ್ಟರ ಮಾತು ಆರು ಸಾವಿರ ಮೀಟರಿನಲ್ಲಿಯೂ ನಡೆದೀತೆಂದು ಹೇಗೆ ನಂಬಲಿ? ಅಲ್ಲಿ ಅವನ ಬುದ್ಧಿ ಮಂಕಾಗುವಂತೆ ನನ್ನದೂ ಮಂಕಾಗುತ್ತದೆ, ಮಂಕಾಗಿದೆಯೆಂಬುದೂ ತಿಳಿಯುವುದಿಲ್ಲ. ಆದುದರಿಂದ ಕಾಗದದಲ್ಲಿ ಎರಡನೆಯ ಸಾಲು ಸೇರಿತು: ಹಿರಿಯ ಮಾರ್ಗದರ್ಶಕರು ಇಳಿಯಿರೆಂದರೆ ಇಳಿಯತಕ್ಕದ್ದು, ಕಾರಣ ಕೇಳತಕ್ಕದ್ದಲ್ಲ. ಇದನ್ನು ಆ ತಾಯಿಗೆ ಓದಿ ಹೇಳಿದೆ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕಾಗದದ ಒಂದು ಪ್ರತಿ ತನಗೂ ಬೇಕೆಂದರು.

ಮೂರನೆಯ ಸಾಲು ಬರೆಯುವುದಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಒಬ್ಬನಿಗೆ ಕಾಯಿಲೆಯಾದರೆ ಅವನನ್ನು ಒಂಟಿಯಾಗಿ ಕಳುಹಿಸುವಂತಿಲ್ಲ. ಕಿರಿಯ ಮಾರ್ಗದರ್ಶಕರ ಜೊತೆಗೆ ನಮ್ಮವನೊಬ್ಬನೂ ಇಳಿಯಬೇಕು. ಇಳಿದವನಿಗೆ ಆ ವರ್ಷ ಶಿಖರವಿಲ್ಲ. ನನ್ನ ವಯಸ್ಸಿಗೆ ಮುಂದಿನ ವರ್ಷವೆಂಬುದೂ ಖಾತರಿಯ ಮಾತಲ್ಲ. ಚೀಟಿ ಎತ್ತೋಣವೆಂದರು ಮೈದುನರು. ಎರಡು ರಾತ್ರಿ ಯೋಚಿಸಿ ಆ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದೆ. ದೊಡ್ಡತನಕ್ಕಲ್ಲ, ಹುಡುಗ ಕಾಯಿಲೆ ಬಿದ್ದರೆ ನಾನು ಹೇಗೂ ಮೇಲಕ್ಕೆ ಹೋಗಲಾರೆ.

ಈಗ ಮೂವರ ಸಹಿ ಬಿದ್ದಿದೆ. ಭೌತಶಾಸ್ತ್ರದ ಮಿತ್ರರದು ಬಾಕಿ. ಹಿಮ ಹತ್ತು ಗಂಟೆಯವರೆಗೂ ಗಟ್ಟಿಯಾಗಿರುವುದೆಂದೂ, ಒಂಬತ್ತೆಂಬುದು ಕನ್ನಡ ಮೇಷ್ಟರ ಅಂಜುಬುರುಕ ಲೆಕ್ಕವೆಂದೂ ಅವರ ವಾದ. ಬರುವ ಭಾನುವಾರ ಬೆನ್ನಿಗೆ ಹನ್ನೆರಡು ಕಿಲೋ ಹೊರೆ ಕಟ್ಟಿಕೊಂಡು ಮುಳ್ಳಯ್ಯನಗಿರಿಯನ್ನು ಎರಡು ಸಲ ಹತ್ತಿ ಇಳಿಯುವ ಅಭ್ಯಾಸವಿದೆ. ಕಾಗದವನ್ನೂ ಲೇಖನಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಎರಡನೆಯ ಸಲ ಇಳಿದ ಮೇಲೆ ತೆಗೆದು ಅವರ ಮುಂದಿಡುವುದೆಂದು ಯೋಚಿಸಿದ್ದೇನೆ.