ನೂರಕ್ಕೆ ಎಪ್ಪತ್ತೈದು

ರಾಗಿಯನ್ನು ನಂಬಿದ ಸೀಮೆ ನಮ್ಮದು. ಮಂಡಿಕಲ್ಲಿನ ಕಡೆಯ ಬೆದ್ದಲುಗಳಿಗೆ ಮಳೆಯೊಂದೇ ದಿಕ್ಕು. ಹದದಲ್ಲಿ ಬಿತ್ತಿದ್ದು ಮೊಳೆಯದಿದ್ದರೆ ಆ ವರ್ಷದ ಮುದ್ದೆಗೆ ಸಂಚಕಾರ. ಪ್ರಮಾಣಿತ ರಾಗಿ ಬೀಜವು ನೂರಕ್ಕೆ 75ಕ್ಕೆ ಕಡಿಮೆಯಾಗದಂತೆ ಮೊಳೆಯಬೇಕೆಂಬುದು ನಮ್ಮ ದೇಶದ ಬೀಜ ಪ್ರಮಾಣೀಕರಣದ ಕಟ್ಟಳೆ. ಕಳೆದ ವರ್ಷ ಅಪ್ಪ ಅಂಗಡಿಯೊಂದರಿಂದ ತಂದ ಚೀಲದ ಮೇಲೂ ಹಾಗೆಯೇ ಅಚ್ಚಾಗಿತ್ತು. ಈ ಮಾತನ್ನು ನಂಬುವುದೋ ಬಿಡುವುದೋ? ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ನನ್ನ ಕಡೆ ತಿರುಗಿದರು.

ಅವ್ವ ಒದ್ದೆ ಬಟ್ಟೆಯಲ್ಲಿ ಒಂದು ಹಿಡಿ ಕಾಳು ಕಟ್ಟಿಟ್ಟು "ಪರವಾಗಿಲ್ಲ" ಎಂದೋ "ಬೇಡ" ಎಂದೋ ಹೇಳುವುದುಂಟು. ಸಂಖ್ಯಾಶಾಸ್ತ್ರವು ಮಾಡುವುದೂ ಇದನ್ನೇ, ಆದರೆ ಎಣಿಸಿ ಮಾಡುತ್ತದೆ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿದ 100 ಕಾಳುಗಳನ್ನು ಕಟ್ಟಿಟ್ಟೆ. ಎಂಟನೆಯ ದಿನ ಮೊಳೆತವು 68.

"ಏಳು ಕಡಿಮೆ. ಬೀಜ ಕೆಟ್ಟದ್ದು" ಎಂದರು ಅಪ್ಪ.

ಅವಸರ ಸಲ್ಲದು. ಚೀಲವೆಲ್ಲ ನಿಜವಾಗಿಯೂ 75ರದ್ದೇ ಆಗಿದ್ದರೂ ಕೈಗೆ ಬಂದ ನೂರರಲ್ಲಿ ಒಮ್ಮೆ 79, ಒಮ್ಮೆ 71 ಮೊಳೆಯಬಹುದಷ್ಟೆ. ಆದುದರಿಂದ "ಚೀಲದ ಪ್ರಮಾಣ 0.75" ಎಂದು ಮೊದಲು ಒಪ್ಪಿಕೊಳ್ಳಬೇಕು. ಇದಕ್ಕೆ ಶೂನ್ಯ ಪ್ರಾಕ್ಕಲ್ಪನೆ ಎಂದು ಹೆಸರು. "ಅದಕ್ಕಿಂತ ಕಡಿಮೆ" ಎಂಬುದು ಎದುರು ಪ್ರಾಕ್ಕಲ್ಪನೆ. ಒಪ್ಪಿಕೊಂಡದ್ದು ನಿಜವಾದರೆ ಏರಿಳಿತ ಎಷ್ಟಿದ್ದೀತು? 0.75ನ್ನು 0.25ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0433. ಇದು ಪ್ರಮಾಣಿತ ದೋಷ, ನಮ್ಮ ಅಳತೆಗೋಲು. 0.07ರ ಕೊರತೆಯೆಂದರೆ 1.62 ಕೋಲು. ನಿರಪರಾಧಿ ಬೀಜವನ್ನು ನೂರಕ್ಕೆ ಐದು ಸಲ ದೂಷಿಸಿದರೂ ಸರಿಯೆಂದು ಮುಂಚೆಯೇ ನಿಶ್ಚಯಿಸಿದ್ದೆ. ಆಗ ಗಡಿ 1.645. ಕೂದಲೆಳೆಯಷ್ಟರಲ್ಲಿ ಅಂಗಡಿಯವನು ಪಾರು! (ಶೂನ್ಯ ಪ್ರಾಕ್ಕಲ್ಪನೆಯಿಂದಲೇ ಅಳತೆಗೋಲನ್ನು ಮಾಡಿಕೊಳ್ಳುವ ಈ ಬಗೆಯನ್ನು 1948ರಲ್ಲಿ ಸಾರ್ವತ್ರಿಕ ರೂಪಕ್ಕೆ ತಂದವರು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರೆಂಬುದನ್ನು ವಾಚಕರು ಗಮನಿಸಬೇಕು.)

"ಹಾಗಾದರೆ ಒಳ್ಳೆಯ ಬೀಜ ಅನ್ನು" ಎಂದರು ಅಪ್ಪ.

ಅದನ್ನೂ ಹೇಳಲಾರೆ. ನನ್ನ ಸಹಪಾಠಿಗಳು ಎಡವುವುದೂ ಇಲ್ಲಿಯೇ. ತಳ್ಳಿಹಾಕಲು ಸಾಕ್ಷ್ಯ ಸಾಲದೆಂಬುದು ಬೇರೆ, ಮಾತು ನಿಜವೆಂಬುದು ಬೇರೆ. ನೂರು ಕಾಳಿನ ಪರೀಕ್ಷೆಯು ಕಣ್ಣು ಮಂಜಾದ ಸಾಕ್ಷಿಯಂತೆ. 68ರ ಬೀಜವನ್ನೂ 75ರದ್ದನ್ನೂ ಅದು ಎಷ್ಟೋ ಸಲ ಬೇರ್ಪಡಿಸಿ ಕಾಣಲಾರದು. ಬೀಜ ಪರೀಕ್ಷಾಲಯಗಳಲ್ಲಿ 400 ಕಾಳುಗಳನ್ನು ಇಡುವುದು ಸುಮ್ಮನೆಯಲ್ಲ. ಕಾಳು ನಾಲ್ಮಡಿಯಾದರೆ ಅಳತೆಗೋಲು ಅರ್ಧಕ್ಕಿಳಿದು 0.0217 ಆಗುತ್ತದೆ.

ಹಳೆಯ ನೂರನ್ನು ಸೇರಿಸದೆ ಹೊಸದಾಗಿ 400 ಕಾಳು ಎಣಿಸಿದೆ. ಬೇಕಾದ ಉತ್ತರ ಬರುವವರೆಗೆ ಎಣಿಕೆಯನ್ನು ಬೆಳೆಸುತ್ತ ಹೋಗುವುದು ನ್ಯಾಯವಲ್ಲ. ರಾಗಿ ಎಣಿಸುವ ಕಷ್ಟ ಎಣಿಸಿದವರಿಗೇ ಗೊತ್ತು, ಅವ್ವನೂ ಕೈಗೂಡಿಸಿದಳು. ಮೊಳೆತವು 276, ಎಂದರೆ ನೂರಕ್ಕೆ 69. ಮೊದಲಿಗಿಂತ ಒಂದು ಹೆಚ್ಚೇ! ಆದರೂ ಈಗ 0.06ರ ಕೊರತೆ 2.77 ಕೋಲು. 75ರ ಬೀಜದಲ್ಲಿ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ಕೊರತೆ ಕಾಣುವುದು ಸಾವಿರಕ್ಕೆ ಸುಮಾರು ಮೂರು ಸಲ ಮಾತ್ರ. ಚೀಲದ ಮಾತನ್ನು ತಳ್ಳಿಹಾಕಿದೆ.

ಅಂಗಡಿಯವನು ನನ್ನ ಲೆಕ್ಕವನ್ನು ನೋಡಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಅಷ್ಟರಲ್ಲಿ ಮಳೆ ಬಂತು. 75ನ್ನು 69ರಿಂದ ಭಾಗಿಸಿದರೆ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಬೀಜ ಬೇಕೆಂದು ತಿಳಿಸಿದೆ. ಅಪ್ಪ ಎಕರೆಗೆ ಅರ್ಧ ಸೇರು ಹೆಚ್ಚು ಹಾಕಿ ಕೂರಿಗೆ ಹೂಡಿದರು.