ಚಿನ್ನ ಗೆದ್ದವಳು ಹಿಡಿದಿಟ್ಟ ಎರಡು ಸೀಟು

ಹುಮನಾಬಾದಿನವನೊಬ್ಬ ಐಸ್ ಸ್ಕೇಟಿಂಗ್ ಬಗ್ಗೆ ಬರೀತಾನೆ ಅಂದ್ರೆ ನಿಮಗೆ ನಗು ಬರಬಹುದು. ನಮ್ಮ ಕಡೆ ಐಸು ಅಂದ್ರೆ ಬೇಸಿಗೆಯ ಗೋಲಾ, ಇಲ್ಲಾಂದ್ರೆ ಕಬ್ಬಿನ ಹಾಲಿಗೆ ಹಾಕೋ ತುಂಡು, ಅಷ್ಟೇ. ಆದ್ರೆ ಇವತ್ತು ಹುಮನಾಬಾದ್, ಬಸವಕಲ್ಯಾಣದ ಮನೆಗಳಲ್ಲೂ ಕೊರಿಯಾ ಬಂದು ಕೂತಿದೆ. ಮೊಬೈಲಲ್ಲಿ ಕೆ-ಡ್ರಾಮಾ, ಇಯರ್‌ಫೋನಲ್ಲಿ ಬಿಟಿಎಸ್. ಕಲ್ಯಾಣದಲ್ಲಿರೋ ನನ್ನ ಕಾಕಾನ ಮಗಳಿಗೆ ನಮ್ಮ ನೆಂಟರಿಗಿಂತ ಕೊರಿಯಾದ ನಟರ ಹೆಸರೇ ಚೆನ್ನಾಗಿ ಗೊತ್ತು.

ಅವಳಂಥವರಿಗೆ ನಾನು ಪರಿಚಯ ಮಾಡಿಸಬೇಕು ಅಂದುಕೊಂಡಿರೋ ಹೆಸರು ಯುನಾ ಕಿಮ್. ಫಿಗರ್ ಸ್ಕೇಟಿಂಗಲ್ಲಿ ಒಲಿಂಪಿಕ್ ಚಿನ್ನ, ಒಲಿಂಪಿಕ್ ಬೆಳ್ಳಿ, ಎರಡು ಸಲ ವಿಶ್ವ ಚಾಂಪಿಯನ್. ಚಿನ್ನದ ಕಥೆ ಹೇಗೂ ಎಲ್ಲ ಕಡೆ ಸಿಗುತ್ತೆ. ನನ್ನನ್ನು ಕಾಡಿದ್ದು ಚಿನ್ನ ಗೆದ್ದ ಮೂರು ವರ್ಷದ ನಂತರ ಆಕೆ ಗೆದ್ದ ಇನ್ನೊಂದು ಸ್ಪರ್ಧೆ.

ಜನ ಮನೆಗೆ ಹೋದ ಮೇಲೆ ಅಭ್ಯಾಸ

ಯುನಾ ಹುಟ್ಟಿದ್ದು 1990ರ ಸೆಪ್ಟೆಂಬರಲ್ಲಿ, ಬೆಳೆದದ್ದು ಸೋಲ್ ಹತ್ತಿರದ ಗುನ್ಪೋ ನಗರದಲ್ಲಿ. ಆಗ ಕೊರಿಯಾ ಐಸ್ ಮೇಲೆ ವೇಗವಾಗಿ ಓಡೋ ಸ್ಪರ್ಧೆಗಳಲ್ಲಿ ಪದಕ ಗೆಲ್ತಿತ್ತು. ಸಂಗೀತಕ್ಕೆ ತಕ್ಕಂತೆ ಜಿಗಿದು, ಸುತ್ತಿ, ಕುಣಿಯೋ ಫಿಗರ್ ಸ್ಕೇಟಿಂಗಲ್ಲಿ ಮಾತ್ರ ದೇಶಕ್ಕೆ ಹೆಸರೇ ಇರಲಿಲ್ಲ. ಆ ಆಟಕ್ಕೇ ಅಂತ ಮೀಸಲಾದ ರಿಂಕ್ ಸಿಗೋದು ಕಷ್ಟವಾಗಿತ್ತು. ಹಾಗಾಗಿ ಸಾರ್ವಜನಿಕ ರಿಂಕಲ್ಲಿ ಜನರೆಲ್ಲ ಆಡಿ ಮನೆಗೆ ಹೋದ ಮೇಲೆ, ರಾತ್ರಿ ಹೊತ್ತಲ್ಲಿ ಅಭ್ಯಾಸ. ತಾಯಿ ಪಾರ್ಕ್ ಮಿ-ಹೀ ಜೊತೆಗೇ ಇರ್ತಿದ್ರು.

2006ರಲ್ಲಿ ಯುನಾ ಜೂನಿಯರ್ ವಿಶ್ವ ಚಾಂಪಿಯನ್ ಆದಳು. ಅದೇ ವರ್ಷ ಕಾಲಿಗೆ ಸರಿಯಾದ ಸ್ಕೇಟಿಂಗ್ ಬೂಟು ಸಿಗದೆ, ಆಟವನ್ನೇ ಬಿಟ್ಟುಬಿಡೋ ಯೋಚನೆಗೂ ಬಂದಿದ್ದಳು! ಆಮೇಲೆ ಕೆನಡಾದ ಟೊರೊಂಟೊಗೆ ಹೋಗಿ ಬ್ರಯಾನ್ ಆರ್ಸರ್ ಹತ್ತಿರ ತರಬೇತಿ ಪಡೆದಳು.

ಈ ಆಟದ ಅಂಕ ಹೇಗೆ ಬರುತ್ತೆ ಅಂದ್ರೆ, ನಮ್ಮ ಕೋಡ್ ರಿವ್ಯೂ ಇದ್ದ ಹಾಗೆ. ಪ್ರತಿ ಜಿಗಿತಕ್ಕೆ, ಪ್ರತಿ ಸುತ್ತಿಗೆ ಬೇರೆ ಬೇರೆ ಅಂಕ. ಗಾಳಿಯಲ್ಲಿ ಮೂರು ಸುತ್ತು ಪೂರ್ತಿ ಆಯ್ತೋ ಇಲ್ಲವೋ ಅಂತ ರೀಪ್ಲೇ ಹಾಕಿ ನೋಡ್ತಾರೆ. ಬಿದ್ದರೆ ಅಂಕ ಕಡಿತ. ಇದರ ಮೇಲೆ ಒಟ್ಟು ಪ್ರದರ್ಶನದ ಸೊಗಸಿಗೆ ಇನ್ನಷ್ಟು ಅಂಕ.

2007ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆನ್ನು ನೋವಿನ ನಡುವೆ ಕಂಚು. ಮರುವರ್ಷ ಸೊಂಟದ ನೋವಿನಲ್ಲೂ ಕಂಚು. 2009ರಲ್ಲಿ ಲಾಸ್ ಏಂಜಲೀಸಲ್ಲಿ 207.71 ಅಂಕ ಪಡೆದು ವಿಶ್ವ ಚಾಂಪಿಯನ್. ಹೊಸ ಅಂಕ ಪದ್ಧತಿಯಲ್ಲಿ 200 ದಾಟಿದ ಮೊದಲ ಮಹಿಳೆ ಆಕೆ.

2010ರಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್. ಆಗ ಆಕೆಗೆ 19 ವರ್ಷ. ಎರಡು ಸುತ್ತು ಸೇರಿ 228.56 ಅಂಕ. ಬೆಳ್ಳಿ ಗೆದ್ದ ಜಪಾನಿನ ಮಾವೊ ಅಸಾದಾಗೆ ಸಿಕ್ಕಿದ್ದು 205.50. ಆ ದಾಖಲೆ 2017ರ ತನಕ ಹಾಗೇ ಉಳೀತು.

ಗುರಿ ಮುಟ್ಟಿದ ಮೇಲಿನ ಖಾಲಿತನ

19ಕ್ಕೇ ಬದುಕಿನ ದೊಡ್ಡ ಗುರಿ ಮುಗಿದುಹೋದರೆ ಮುಂದೇನು? ನಮ್ಮಲ್ಲೂ ಕನಸಿನ ಕಂಪನಿ ಸೇರಿ ಆರು ತಿಂಗಳಿಗೆ 'ಇಷ್ಟೇನಾ?' ಅನ್ನೋರು ಇದ್ದಾರಲ್ಲ. ಯುನಾಗೂ ಹಾಗೇ ಆಯ್ತು. ವ್ಯಾಂಕೂವರ್ ನಂತರ ಆಡೋಕೆ ಕಾರಣವೇ ಸಿಗಲಿಲ್ಲ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. 2011ರಲ್ಲಿ ಮಾಸ್ಕೋದಲ್ಲಿ ಬೆಳ್ಳಿ ಗೆದ್ದಳು, ಆಮೇಲೆ ಸ್ಪರ್ಧೆಯಿಂದ ದೂರ ಉಳಿದಳು.

2012ರ ಜುಲೈಯಲ್ಲಿ ಮಾತ್ರ, ಸೋಚಿ ಒಲಿಂಪಿಕ್ಸ್ ತನಕ ಆಡ್ತೀನಿ ಅಂತ ಘೋಷಿಸಿದಳು. ಕೊರಿಯಾದಲ್ಲಿ ಕಿರಿಯ ಹುಡುಗಿಯರ ಜೊತೆ ಅಭ್ಯಾಸ ಮಾಡ್ತಾ ಮಾಡ್ತಾ ಮನಸ್ಸು ಬದಲಾಗಿತ್ತು. ಬಾಲ್ಯದಲ್ಲಿ ಕಲಿಸಿದ ಕೋಚ್‌ಗಳ ಹತ್ತಿರವೇ ಮತ್ತೆ ಹೋದಳು.

ಇಲ್ಲಿ ಒಂದು ನಿಯಮ ಗೊತ್ತಿರಬೇಕು. ಒಲಿಂಪಿಕ್ಸಿಗೆ ಯಾವ ದೇಶದಿಂದ ಎಷ್ಟು ಜನ ಅನ್ನೋದು ಹೆಚ್ಚಾಗಿ ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ತೀರ್ಮಾನ ಆಗುತ್ತೆ. 2013ರಲ್ಲಿ ಕೊರಿಯಾದ ಮಹಿಳೆಯರಿಗೆ ಇದ್ದದ್ದು ಒಂದೇ ಜಾಗ, ಅದು ಯುನಾದು. ಒಬ್ಬಳೇ ಆಡಿ ಮೊದಲ ಎರಡರೊಳಗೆ ಬಂದರೆ ದೇಶಕ್ಕೆ ಮೂರು ಸೀಟು. ಮೂರರಿಂದ ಹತ್ತರೊಳಗೆ ಬಂದರೆ ಎರಡು.

ನಮ್ಮ ಕಡೆಯವರಿಗೆ ಸೀಟಿನ ಬೆಲೆ ಬಿಡಿಸಿ ಹೇಳಬೇಕಾ? ಜಾತ್ರೆ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋರು ನಾವು. 371(ಜೆ) ಸೀಟಿನಲ್ಲಿ ಇಂಜಿನಿಯರಿಂಗ್ ಓದಿದ ನನ್ನ ವಯಸ್ಸಿನವರಿಗೆ ಒಂದು ಸೀಟಿನಿಂದ ಇಡೀ ಮನೆ ಹೇಗೆ ಬದಲಾಗುತ್ತೆ ಅಂತಲೂ ಗೊತ್ತು.

ಯುನಾ ಕೆನಡಾದ ಲಂಡನ್ ಅನ್ನೋ ನಗರದಲ್ಲಿ 218.31 ಅಂಕ ಪಡೆದು ಮತ್ತೆ ವಿಶ್ವ ಚಾಂಪಿಯನ್ ಆದಳು. ಎರಡನೇ ಸ್ಥಾನಕ್ಕೂ ಆಕೆಗೂ 20 ಅಂಕಕ್ಕಿಂತ ಹೆಚ್ಚು ಅಂತರ. ಕೊರಿಯಾಕ್ಕೆ ಮೂರು ಸೀಟು ಸಿಕ್ಕವು. ಒಂದು ಆಕೆಗೆ. ಇನ್ನೆರಡು 16 ವರ್ಷದ ಕಿಮ್ ಹೇ-ಜಿನ್ ಮತ್ತು ಪಾರ್ಕ್ ಸೊ-ಯೋನ್ ಅನ್ನೋ ಇಬ್ಬರು ಹುಡುಗಿಯರಿಗೆ.

ಬೆಳ್ಳಿಯ ಲೆಕ್ಕ

ಇದು ಬರೀ ತ್ಯಾಗದ ಕಥೆ ಅಂತ ನಾನು ಹೇಳಲ್ಲ. ಆಕೆಗೂ ಗೆಲ್ಲೋ ಆಸೆ ಇದ್ದೇ ಇರುತ್ತೆ. ಆದ್ರೆ ಕಳ್ಕೊಳ್ಳೋಕೆ ಆಕೆ ಹತ್ತಿರ ಬಹಳ ಇತ್ತು ಅನ್ನೋದು ನಿಜ. ವ್ಯಾಂಕೂವರ್ ನಂತರ ಸುಮ್ಮನಿದ್ದಿದ್ದರೆ ಒಲಿಂಪಿಕ್ಸಲ್ಲಿ ಸೋಲೇ ಕಾಣದ ಚಾಂಪಿಯನ್ ಆಗಿ ಉಳೀತಿದ್ದಳು. 2013ರಲ್ಲಿ ಕಾಲಿಗೆ ಪೆಟ್ಟಾಗಿ ಸ್ಪರ್ಧೆಗಳನ್ನು ತಪ್ಪಿಸಿಕೊಂಡು, ಆಮೇಲೆ ಸೋಚಿಗೆ ಹೋದಳು.

2014ರ ಫೆಬ್ರುವರಿಯಲ್ಲಿ ಸೋಚಿಯ ಮೊದಲ ಸುತ್ತಲ್ಲಿ ಯುನಾ ಮುಂದಿದ್ದಳು. ಎರಡನೇ ಸುತ್ತಲ್ಲೂ ಬೀಳಲಿಲ್ಲ. ಕೊನೆಗೆ 219.11. ಚಿನ್ನ ಹೋಗಿದ್ದು 224.59 ಪಡೆದ ರಷ್ಯಾದ ಅದೆಲಿನಾ ಸೊತ್ನಿಕೋವಾಗೆ. ತೀರ್ಪಿನ ಬಗ್ಗೆ ದೊಡ್ಡ ಗದ್ದಲವೇ ಆಯ್ತು, ಕೊರಿಯಾ ದೂರು ಕೊಟ್ಟಿತು, ಅದು ತಿರಸ್ಕಾರವಾಯ್ತು. ಯುನಾ 23ನೇ ವಯಸ್ಸಿಗೆ ನಿವೃತ್ತಳಾದಳು. ಇಡೀ ವೃತ್ತಿಜೀವನದಲ್ಲಿ ಆಕೆ ಒಮ್ಮೆಯೂ ಮೊದಲ ಮೂರು ಸ್ಥಾನದಿಂದ ಹೊರಗೆ ಹೋಗಿರಲಿಲ್ಲ.

ಆಮೇಲೆ ಕೊರಿಯಾದಲ್ಲಿ ಆಕೆಯನ್ನು ನೋಡಿ ಐಸ್‌ಗೆ ಇಳಿದ ಒಂದು ತಲೆಮಾರೇ ಬಂತು. 'ಯುನಾ ಕಿಡ್ಸ್' ಅಂತಾರೆ ಅವರನ್ನ. 2018ರಲ್ಲಿ ಒಲಿಂಪಿಕ್ಸ್ ಕೊರಿಯಾದ ಪ್ಯೊಂಗ್‌ಚಾಂಗಿಗೇ ಬಂದಾಗ ಜ್ಯೋತಿ ಹಚ್ಚಿದವಳು ಯುನಾ. ಆ ಕೂಟದಲ್ಲಿ ಚೋಯ್ ದಾ-ಬಿನ್ ಏಳನೇ ಸ್ಥಾನ ಪಡೆದಳು. 2022ರ ಬೀಜಿಂಗ್ ಒಲಿಂಪಿಕ್ಸಲ್ಲಿ ಇಬ್ಬರು ಕೊರಿಯನ್ ಹುಡುಗಿಯರು ಮೊದಲ ಹತ್ತರೊಳಗೆ. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲೀ ಹೇ-ಇನ್‌ಗೆ ಬೆಳ್ಳಿ. ಯುನಾ ನಂತರ ಕೊರಿಯಾದ ಮಹಿಳೆಯೊಬ್ಬಳಿಗೆ ಅಲ್ಲಿ ಪದಕ ಸಿಗೋಕೆ ಹತ್ತು ವರ್ಷ ಬೇಕಾಯ್ತು. ಹಿಡಿದ ಸೀಟು ಫಲ ಕೊಡೋಕೆ ಸಮಯ ಹಿಡಿಯುತ್ತೆ.

ನಮ್ಮ ಮಟ್ಟದಲ್ಲಿ

ನನ್ನ ಮೊದಲ ಇಂಟರ್ವ್ಯೂಗೆ ಮುಂಚೆ ಹುಮನಾಬಾದಿನ ಸೀನಿಯರ್ ಒಬ್ಬರು ಎರಡು ರಾತ್ರಿ ಫೋನಲ್ಲೇ ಪ್ರಶ್ನೆ ಕೇಳಿ ನನ್ನನ್ನ ತಯಾರು ಮಾಡಿದ್ರು. "ಹೆದರಬ್ಯಾಡೋ ತಮ್ಮಾ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು" ಅಂತ ಅವರು ಹೇಳಿದ ಮಾತು ಇವತ್ತೂ ಕೆಲಸಕ್ಕೆ ಬರ್ತದೆ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೂತಿರೋ ನಮ್ಮ ಊರವರು ಎಷ್ಟೋ ಜನ ಹೀಗೆ ಇನ್ನೊಬ್ಬರ ಕೈ ಹಿಡಿದು ಬಂದವರೇ.

ನಾವು ಮಾಡೋ ರೆಫರಲ್‌ಗೆ ಹೆಚ್ಚಂದ್ರೆ ಐದು ನಿಮಿಷ ಖರ್ಚಾಗುತ್ತೆ. ಯುನಾ ಹಿಡಿದ ಸೀಟಿಗೆ ತನ್ನ ಹೆಸರನ್ನೇ ಪಣಕ್ಕಿಟ್ಟಿದ್ದಳು. ಆ ಸೀಟಲ್ಲಿ ಹೋದ ಇಬ್ಬರು ಹುಡುಗಿಯರಿಗೆ ಸೋಚಿಯಲ್ಲಿ ಪದಕ ಸಿಗಲಿಲ್ಲ, ಆದ್ರೆ ಇಬ್ಬರೂ ಎರಡನೇ ಸುತ್ತಿಗೆ ಹೋದರು. ಒಬ್ಬಳಿಗೆ 16ನೇ ಸ್ಥಾನ, ಇನ್ನೊಬ್ಬಳಿಗೆ 21.

ನಿಮಗೆ ಸೀಟು ಹಿಡಿದುಕೊಟ್ಟವರು ಯಾರು? ಇವತ್ತು ಸಂಜೆ ಅವರಿಗೊಂದು ಫೋನ್ ಮಾಡಿ. ಆಮೇಲೆ ವಾಟ್ಸಾಪಲ್ಲಿ ರೆಸ್ಯುಮೆ ಕಳಿಸಿ ಕಾಯ್ತಿರೋ ನಿಮ್ಮೂರಿನ ಆ ಹುಡುಗಿಗೂ ಒಂದು ಉತ್ತರ ಹಾಕಿ.